ಮಾಸ್ಟರ್ ಎನ್ಸಿಯಾನ ಮೂರನೇ ಕೈ

ಶನಿವಾರ ಬೆಳಿಗ್ಗೆ ಬಾದುವಿನ ವ್ಯಾನಿನ ಹಿಂದಿನ ಎಡಚಕ್ರದ ಒಳಮೈಯಲ್ಲಿ ಒಂದು ಹನಿ ಎಣ್ಣೆ ಇಳಿದಿತ್ತು. ಬಾಯಿ ತೆರೆದು ನಿದ್ದೆ ಹೋದ ಮುದುಕನ ಜೊಲ್ಲಿನ ಹಾಗೆ, ಯಾವ ಅವಸರವೂ ಇಲ್ಲದೆ. ಬಾದು ಅದನ್ನು ತನ್ನ ಕಪ್ಪು ಅಂಗಿಯ ತೋಳಿನಿಂದ ಒರೆಸಿದ. ಅತ್ತಿತ್ತ ನೋಡಿದ. ಯಾರೂ ನೋಡಲಿಲ್ಲವೆಂದುಕೊಂಡ. ನೋಡುವುದಕ್ಕೆ ಹತ್ತಿರದಲ್ಲಿದ್ದವನು ಒಬ್ಬನೇ. ಅವನು ವ್ಯಾನಿನೊಳಗೆ, ಸೀಟುಗಳನ್ನು ಕಿತ್ತು ಮಾಡಿದ ಜಾಗದಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದ.

ಪೆಟ್ಟಿಗೆಯಲ್ಲಿದ್ದವನು ಮಾಸ್ಟರ್ ಎನ್ಸಿಯಾ, ಎನ್ಸುವೆಮ್ ಊರಿಗೆ ಇದ್ದ ಒಬ್ಬನೇ ಫಿಟ್ಟರ್. ಬದುಕಿದ್ದಾಗ ಇದೇ ಚಕ್ರದ ಇದೇ ಹನಿಯನ್ನು ನೋಡಿ ಬಾದುವಿಗೆ ಎಷ್ಟೋ ಸಲ ಹೇಳಿದ್ದ: "ಆಯಿಲ್ ಸೀಲ್ ಹೋಗಿದೆ ಕಣೋ. ಎಣ್ಣೆ ಡ್ರಮ್ಮಿನೊಳಗೆ ಇಳಿದು ಬ್ರೇಕ್ ಶೂ ನೆನೆಸ್ತಾ ಇದೆ. ನೆನೆದ ಶೂ ಜಾರುತ್ತೆ ಅಂದ್ಕೊಂಡಿದೀಯ? ಕಾಲು ಮುಟ್ಟಿಸಿದ್ರೆ ಸಾಕು, ಗಬಕ್ಕನೆ ಹಿಡ್ಕೊಳ್ಳುತ್ತೆ. ಒಂದಿನ ಹಿಡ್ಕೊಂಡಿದ್ದನ್ನ ಬಿಡೋದೇ ಇಲ್ಲ."

ಎನ್ಸಿಯಾನ ಹತ್ತಿರ ಯಾರು ಏನು ಕೇಳಿದರೂ ಮೊದಲು ಗಂಟಲಿನಲ್ಲೇ "ಉಹೂಂ" ಅನ್ನುತ್ತಿದ್ದ. ಕೇಳಿದವನು ಬೇಸರಪಟ್ಟುಕೊಳ್ಳದೆ ಸುಮ್ಮನೆ ನಿಂತಿರಬೇಕು. ಆತ ಒಂದೆರಡು ಬೋಲ್ಟ್ ಬಿಗಿದು, ಮೂಗು ಒರೆಸಿಕೊಂಡು, ತಲೆಯನ್ನೂ ಎತ್ತದೆ, "ಅಲ್ಲಿದೆ, ತಗೊಂಡ್ಹೋಗು" ಅನ್ನುತ್ತಿದ್ದ. ಹೀಗಾಗಿ ಊರಿನ ಅರ್ಧ ಮನೆಗಳಲ್ಲಿ ಅವನ ಒಂದಲ್ಲ ಒಂದು ವಸ್ತು ಇತ್ತು. ಬಾದುವಿನ ಮನೆಯಲ್ಲಿ, ಮಂಚದ ಕೆಳಗೆ, ಗೋಣಿಚೀಲ ಸುತ್ತಿಕೊಂಡು ಮಲಗಿದ್ದದ್ದು ಅವನ ಪುಲ್ಲರ್.

ಹಳೇ ಗಾಡಿಗಳ ಬ್ರೇಕ್ ಡ್ರಮ್ ಒಂದು ಸಲ ಅಚ್ಚಿಗೆ ಕಚ್ಚಿಕೊಂಡು ಕೂತಿತೆಂದರೆ ಸುತ್ತಿಗೆಗೂ ಬಗ್ಗುವುದಿಲ್ಲ, ಬೈಗುಳಕ್ಕೂ ಬಗ್ಗುವುದಿಲ್ಲ. ಅದನ್ನು ಕೀಳಲು ಎನ್ಸಿಯಾ ಲಾರಿಯ ಪಟ್ಟಿಗಳನ್ನು ಬಗ್ಗಿಸಿ, ಬೆಸೆದು, ಮೂರು ಬೆರಳಿನ ಕಬ್ಬಿಣದ ಪಂಜವೊಂದನ್ನು ಮಾಡಿಕೊಂಡಿದ್ದ. ನಡುವೆ ಉದ್ದದ ತಿರುಪು. ಊರಿನಲ್ಲಿ ಅಂಥದ್ದು ಅದೊಂದೇ. "ಎರಡು ಕೈ ದೇವರು ಕೊಟ್ಟಿದ್ದು, ಇದು ನಾನು ಮಾಡ್ಕೊಂಡಿದ್ದು" ಅನ್ನುತ್ತಿದ್ದ. ಡ್ರೈವರುಗಳ ಮುಂದೆ ಅದಕ್ಕೆ ಬೇರೆ ಹೆಸರಿರಲಿಲ್ಲ. "ನನ್ನ ಕೈ ಎಲ್ಲಿ? ನನ್ನ ಕೈ ತಗೊಂಬಾ."

ಕಳೆದ ಮಳೆಗಾಲದಲ್ಲಿ, ಸೀಲನ್ನು ತಾನೇ ಹಾಕಿಕೊಳ್ಳುತ್ತೇನೆಂದು ಬಾದು ಆ ಕೈಯನ್ನು ಎರವಲು ತಂದ. ಸೀಲು ಹಾಕಲಿಲ್ಲ. ಕೈ ವಾಪಸು ಕೊಡಲಿಲ್ಲ. ಅಷ್ಟರಲ್ಲಿ ಎನ್ಸಿಯಾ ಕಾಯಿಲೆ ಬಿದ್ದ. ಬಾದು ಕಿತ್ತಳೆ ಹಣ್ಣು ಹಿಡಿದು ನೋಡಲು ಹೋದಾಗ ಮುದುಕ ಸೂರು ನೋಡುತ್ತಾ ಒಂದೇ ಮಾತು ಹೇಳುತ್ತಿದ್ದ: "ನನ್ನ ಕೈ. ನನ್ನ ಕೈ ಎಲ್ಲಿ." ಕೈ ಜೋಮು ಹಿಡಿದಿದೆಯೆಂದುಕೊಂಡು ಅವನ ತಂಗಿ ಅಫ್ರಿಯೆ ಶಿಯಾ ಕಾಯಿಯ ಬೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಆಕೆಗೆ ದಣಿವಾದಾಗ ಬಾದುವೂ ಪಕ್ಕದಲ್ಲಿ ಕೂತು ಆ ಕೈಯನ್ನು ಸ್ವಲ್ಪ ಹೊತ್ತು ತಿಕ್ಕಿದ.

ಈಗ ಅವನಿಗಿದ್ದ ಆಸೆ ಒಂದೇ. ಪೆಟ್ಟಿಗೆ ಬೇಗ ಮಣ್ಣು ಸೇರಲಿ. ನಾಳೆ ಆ ಪುಲ್ಲರನ್ನು ಎನ್ಸಿಯಾನ ಶೆಡ್ಡಿನ ಹಿಂದೆ ಹುಲ್ಲಿಗೆ ಎಸೆದು ಬಂದರಾಯಿತು. ಇಲ್ಲದಿದ್ದರೆ, ಸಾಯುತ್ತಿದ್ದವನ ಕೈ ಕದ್ದವನ ವ್ಯಾನನ್ನು ಈ ಊರಿನಲ್ಲಿ ಕೋಳಿಯೂ ಹತ್ತುವುದಿಲ್ಲ. ಆ ವ್ಯಾನು ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ.

ಅಡ್ಡಿಯಿದ್ದದ್ದು ಒಂದೇ. ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಕಟ್ಟಕಡೆಯ ಮನೆ ಅವನದೇ.

ಹೊರಟಾಗ ಮರುಭೂಮಿಯಿಂದ ಬೀಸುವ ಹರ್ಮಟಾನ್ ಗಾಳಿಯ ಧೂಳು ಊರಿನ ಮೇಲೆ ಕೂತಿತ್ತು. ಸೂರ್ಯ ಸಾರಿಗೆ ಬಿಟ್ಟ ಮೊಟ್ಟೆಯ ಹಾಗೆ ಬೆಳ್ಳಗೆ ತೇಲುತ್ತಿದ್ದ. ಹತ್ತು ಹೆಜ್ಜೆ ಆಚೆಯಿರುವ ಮರ ಮರವೋ ಮನುಷ್ಯನೋ ಗೊತ್ತಾಗುತ್ತಿರಲಿಲ್ಲ. ಕಪ್ಪು ಕೆಂಪು ಬಟ್ಟೆಯುಟ್ಟ ಜನ ವ್ಯಾನಿನ ಹಿಂದೆ ನಡೆದು ಬರುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ತಲೆಗಳಿಲ್ಲದ ಬಟ್ಟೆಗಳು ಮಾತ್ರ ತೇಲಿ ಬಂದಂತಿತ್ತು. ಬಾದುವಿನ ಪಕ್ಕದಲ್ಲಿ ಕುಲದ ಹಿರಿಯ ಓಪಾನಿನ್ ಅಪ್ರಾಕು, ತೊಡೆಯ ಮೇಲೆ ಕೈಯಿಟ್ಟುಕೊಂಡು. ಅವರಾಚೆ, ಕಿಟಕಿಯ ಕಡೆ, ಸಾರ್ಪಾಂಗ್. ಅವನೂ ಡ್ರೈವರ್. ಅವನ ವ್ಯಾನಿಗೆ ಬಾಗಿಲಿಲ್ಲವಾದ್ದರಿಂದ ಹೆಣ ಹೊರುವ ಭಾಗ್ಯ ಬಾದುವಿಗೆ ಬಂದಿತ್ತು, ಸಲಹೆ ಕೊಡುವ ಭಾಗ್ಯ ಸಾರ್ಪಾಂಗನಿಗೆ.

"ಎರಡನೇ ಗೇರಲ್ಲಿ ಯಾಕೆ ಹೋಗ್ತೀಯ ಮಾರಾಯ?" ಸಾರ್ಪಾಂಗ್ ಅಂದ. "ಹೆಣಕ್ಕೆ ಒಂದನೇ ಗೇರು."

ಬಾದು ಉತ್ತರ ಕೊಡುವ ಮೊದಲೇ ಧೂಳಿನೊಳಗಿಂದ ಒಂದು ಕೋಳಿ ರಸ್ತೆಗಿಳಿಯಿತು. ಬಾದು ಕಾಲು ಮುಟ್ಟಿಸಿದ, ಅಷ್ಟೇ. ಹಿಂದಿನ ಎಡಚಕ್ರದಿಂದ ಒಂದು ಶಬ್ದ ಬಂತು. ದಪ್ಪನೆಯ, ಗಂಟಲಿನ ಶಬ್ದ.

"ಉ... ಹೂಂ."

ವ್ಯಾನು ಇದ್ದ ಜಾಗದಲ್ಲೇ ಮೊಳೆ ಹೊಡೆದಂತೆ ನಿಂತಿತು. ಒಳಗೆ ಪೆಟ್ಟಿಗೆ ಮುಂದಕ್ಕೆ ಜಾರಿ, ಓಪಾನಿನ್ ಅಪ್ರಾಕು ಕೂತಿದ್ದ ಸೀಟಿನ ಬೆನ್ನಿಗೆ ಟಕ್ಕೆಂದು ಬಡಿಯಿತು. ಬಾಗಿಲು ತಟ್ಟಿದ ಹಾಗೆ.

ಹಿಂದೆ ಬರುತ್ತಿದ್ದವರ ಹಾಡು ನಿಂತುಹೋಯಿತು. ಆ ಶಬ್ದವನ್ನು ಗುರುತು ಹಿಡಿಯದವರು ಊರಿನಲ್ಲಿ ಯಾರೂ ಇರಲಿಲ್ಲ.

ಅಜ್ಜಂದಿರ ಕಾಲದಲ್ಲಿ ಹೆಣವನ್ನು ತಲೆಯ ಮೇಲೆ ಹೊತ್ತು ಊರು ಸುತ್ತಿಸುತ್ತಿದ್ದರು. ಹೊತ್ತವರ ಕಾಲುಗಳನ್ನು ಹೆಣವೇ ನಡೆಸಿಕೊಂಡು ಹೋಗಿ, ತನ್ನ ಸಾವಿಗೆ ಕಾರಣನಾದವನ ಬಾಗಿಲಿಗೆ ಢಿಕ್ಕಿ ಹೊಡೆಸುತ್ತಿತ್ತು. ಸರ್ಕಾರ ಅದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಈಗ ಹೆಣಗಳು ವ್ಯಾನಿನಲ್ಲಿ ಹೋಗುತ್ತವೆ. ವ್ಯಾನಿಗೊಬ್ಬ ಡ್ರೈವರ್ ಇರುತ್ತಾನೆ. ಡ್ರೈವರು ಹೆಣದ ಮಾತು ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಊರು ನೆಮ್ಮದಿಯಾಗಿತ್ತು.

ಓಪಾನಿನ್ ಅಪ್ರಾಕು ನಿಧಾನವಾಗಿ ತಲೆ ತಿರುಗಿಸಿ ಕಿಟಕಿಯಾಚೆ ನೋಡಿದರು. ಧೂಳಿನಲ್ಲಿ ಒಂದು ಹಸಿರು ಗೇಟು ಕಾಣುತ್ತಿತ್ತು. ಅದು ಅವರದೇ ಮನೆ.

"ಕೋಳಿ ಬಂತು ಹಿರಿಯರೇ," ಬಾದು ಅಂದ. "ಬ್ರೇಕು ಸ್ವಲ್ಪ..."

"ಯಾವ ಕೋಳಿ?" ಸಾರ್ಪಾಂಗ್ ಕೇಳಿದ.

ಕೋಳಿ ಹೋಗಿಯಾಗಿತ್ತು.

ಓಪಾನಿನ್ ಅಪ್ರಾಕು ಕೆಮ್ಮಿದರು. "ಅವನ ರೇಡಿಯೋ ನನ್ನ ಹತ್ರ ಇದೆ," ಅಂದರು, ಯಾರಿಗೆಂದು ಹೇಳದೆ. "ಆಸ್ಪತ್ರೆಗೆ ಹೋಗೋವಾಗ ನೋಡ್ಕೋ ಅಂತ ಕೊಟ್ಟಿದ್ದ. ನೋಡ್ಕೋತಾ ಇದ್ದೆ."

ರೇಡಿಯೋ ಬಂತು. ಅದನ್ನು ಪೆಟ್ಟಿಗೆಯ ಮೇಲಿಟ್ಟರು. ಹಿರಿಯರು ನೆಲಕ್ಕೆ ಸತ್ತವರಿಗೆಂದು ಸ್ವಲ್ಪ ಶ್ನಾಪ್ಸ್ ಮದ್ಯ ಚೆಲ್ಲಿ ನಾಲ್ಕು ಮಾತು ಹೇಳಿದರು. ಅಷ್ಟು ಹೊತ್ತಿಗೆ ಡ್ರಮ್ಮು ತಣಿದು ಹಿಡಿತ ಬಿಟ್ಟಿತ್ತು. ಬಾದು ಕ್ಲಚ್ ಬಿಟ್ಟ, ವ್ಯಾನು ಹೊರಟಿತು. ಹಿಂದಿನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

ಇನ್ನು ಬ್ರೇಕ್ ಮುಟ್ಟಲೇಬಾರದು ಎಂದು ಬಾದು ನಿರ್ಧರಿಸಿದ. ಆದರೆ ಎನ್ಸುವೆಮ್‌ನ ರಸ್ತೆ ಇಳಿಜಾರು. ಹೆಣ ಹೊತ್ತ ಗಾಡಿ ಓಡುವ ಹಾಗಿಲ್ಲ. ಕೂದಲು ಹೆಣೆಯುವ ಅಬ್ರಫಿಯ ಮರದ ಅಂಗಡಿಯ ಮುಂದೆ ಮುದುಕಿಯರು ಹಿಂದೆ ಬೀಳುತ್ತಿದ್ದಾರೆಂದು ಓಪಾನಿನ್ ಅವನ ತೋಳು ತಟ್ಟಿದರು. ಬಾದು ಪೆಡಲಿನ ಮೇಲೆ ಹೆಬ್ಬೆರಳು ಮಾತ್ರ ಇಟ್ಟ.

"ಉ... ಹೂಂ."

ಪೆಟ್ಟಿಗೆ ತಟ್ಟಿತು. ಕುಲುಕಿದ ರಭಸಕ್ಕೆ ಅದರ ಮೇಲಿದ್ದ ರೇಡಿಯೋ ತಾನಾಗಿ ಹತ್ತಿಕೊಂಡು, ಕುಮಾಸಿ ಪಟ್ಟಣದಲ್ಲಿ ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಓದತೊಡಗಿತು. ಸಾರ್ಪಾಂಗ್ ಹಿಂದಕ್ಕೆ ಕೈಚಾಚಿ ಅದರ ಬಾಯಿ ಮುಚ್ಚಿಸಿದ.

ಅಬ್ರಫಿ ಬಾಚಣಿಗೆ ಹಿಡಿದು ಹೊರಬಂದಳು. ಐವತ್ತರ ಹೆಂಗಸು, ಊರಿನಲ್ಲಿ ಯಾರಿಗೂ ತಗ್ಗಿ ಮಾತಾಡಿದವಳಲ್ಲ.

"ನನ್ನ ಹತ್ರ ಅವನ ಒಂದು ಮೊಳೆಯೂ ಇಲ್ಲ," ಅಂದಳು. "ಯಾಕೆ ನಿಲ್ಸಿದ್ರಿ?"

ವ್ಯಾನಿನ ಕೆಳಗಿಂದ ಸುಟ್ಟ ವಾಸನೆ ಬರುತ್ತಿತ್ತು.

"ನನ್ನನ್ನ ಮದುವೆಯಾಗ್ತೀಯಾ ಅಂತ ಕೇಳಿದ್ದ," ಅಬ್ರಫಿ ಅಂದಳು, ಈ ಸಲ ಪೆಟ್ಟಿಗೆಯ ಕಡೆ ನೋಡಿ. "ನಕ್ಕಿದ್ದು ನಿಜ. ಆದ್ರೆ ಅಷ್ಟೇನೂ ಜೋರಾಗಿ ನಗಲಿಲ್ಲ. ನೀನು ಮತ್ತೊಂದ್ಸಲ ಕೇಳ್ಬೇಕಾಗಿತ್ತು. ಎಲ್ಲರಿಗೂ ಮೊದ್ಲು ಉಹೂಂ ಅಂತಿದ್ದವನು ನೀನು, ನನಗೂ ಒಂದು ಉಹೂಂ ಅನ್ನೋಕೆ ಅವಕಾಶ ಇರಲಿಲ್ವಾ?"

ಅವಳು ತಲೆಯ ಕಪ್ಪು ವಸ್ತ್ರ ಬಿಚ್ಚಿ ಪೆಟ್ಟಿಗೆಯ ಮೇಲೆ ಹೊದಿಸಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಬಾದುವಿಗೆ ಒಂದು ಕ್ಷಣ ತನ್ನ ಭಯ ಮರೆತುಹೋಯಿತು. ಇನ್ನೊಂದು ಕ್ಷಣಕ್ಕೆ ಇನ್ನೂ ದೊಡ್ಡದಾಗಿ ವಾಪಸು ಬಂತು.

ಅಲ್ಲಿಂದ ಮುಂದೆ ಸುದ್ದಿ ವ್ಯಾನಿಗಿಂತ ಬೇಗ ಹೋಯಿತು. ಧೂಳಿನ ಎರಡೂ ಬದಿಯಲ್ಲಿ ಜನ ತಮ್ಮ ತಮ್ಮ ಮನೆಯ ಮುಂದೆ ಸಾಲಾಗಿ ನಿಂತಿದ್ದರು. ಕೈಯಲ್ಲಿ ಏಣಿ, ಗರಗಸ, ಛತ್ರಿ, ಬಲಗಾಲಿನದೊಂದೇ ಗಮ್‌ಬೂಟು. ಒಬ್ಬ ಹಲ್ಲುಜ್ಜುತ್ತಲೇ ಸ್ಪ್ಯಾನರ್ ಹಿಡಿದು ಓಡಿಬಂದ. ಶಾಲೆಯ ಮಾಸ್ತರರು ಒಂದು ಮೇಕೆಯನ್ನು ಎಳೆದುಕೊಂಡು ಬಂದು, "ಇದು ಅವನದಲ್ಲ, ಆದ್ರೆ ಅವನ ಮೇಕೆಯ ಮಗಳು," ಅಂದರು. ವ್ಯಾನು ಬರುವ ಮೊದಲೇ ಕೊಟ್ಟುಬಿಟ್ಟರೆ ಅದು ತಮ್ಮ ಮನೆ ಮುಂದೆ ನಿಲ್ಲುವುದಿಲ್ಲ ಎಂಬುದು ಎಲ್ಲರ ಲೆಕ್ಕಾಚಾರ. ಎಲ್ಲವನ್ನೂ ಹಿಂದೆ ತುಂಬಿದರು. ಪೆಟ್ಟಿಗೆ ಸಾಮಾನಿನ ನಡುವೆ ಹೂತುಹೋಯಿತು. ಭಾರ ಹೆಚ್ಚಿದಂತೆ ಬಾದು ಬ್ರೇಕಿಗೆ ಇನ್ನೂ ಒರಗಬೇಕಾಯಿತು, ಚಕ್ರ ಮತ್ತೆ ಎರಡು ಸಲ ಉಹೂಂ ಎಂದಿತು, ಮತ್ತೆ ಇಬ್ಬರು ಕೇಳದೆಯೇ ಏನೇನೋ ಒಪ್ಪಿಕೊಂಡರು. ಒಬ್ಬನ ತಪ್ಪಿಗೂ ಎನ್ಸಿಯಾನಿಗೂ ಸಂಬಂಧವೇ ಇರಲಿಲ್ಲ. ಅದನ್ನು ಕೇಳಿ ಅವನ ಹೆಂಡತಿ ಮೆರವಣಿಗೆ ಬಿಟ್ಟು ಸೀದಾ ತವರಿಗೆ ಹೊರಟಳು.

ಬಾದುವಿಗೆ ಇನ್ನು ತಡೆಯಲಾಗಲಿಲ್ಲ. ಮುಂದಿನ ತಿರುವು ಕಳೆದರೆ ಅವನ ಮನೆಯ ಸೂರು ಕಾಣುತ್ತದೆ. ವ್ಯಾನು ನಿಲ್ಲಿಸಿ ಇಳಿದ.

"ಎಲ್ಲರೂ ಕೇಳಿ. ಇದು ಹೆಣ ಅಲ್ಲ, ಬ್ರೇಕು," ಅಂದ. "ಹಿಂದಿನ ಡ್ರಮ್ಮಿಗೆ ಎಣ್ಣೆ ಇಳಿದಿದೆ. ಅದಕ್ಕೇ ಹಿಡ್ಕೊಳ್ತಿದೆ. ಇಷ್ಟೇ ವಿಷಯ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಕೆ ಕೊಟ್ಟಾಗಿದೆ, ಗುಟ್ಟು ಬಿಟ್ಟುಕೊಟ್ಟಾಗಿದೆ. ಇದು ಬರೀ ಬ್ರೇಕು ಎಂದು ಒಪ್ಪಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ.

"ಹಾಗಾದ್ರೆ ಡ್ರಮ್ ಬಿಚ್ಚಿ ತೋರಿಸು," ಸಾರ್ಪಾಂಗ್ ಅಂದ. "ಎಣ್ಣೆ ಇದ್ರೆ ಎಲ್ಲರ ಕಣ್ಣಿಗೂ ಕಾಣುತ್ತೆ."

"ಬಿಚ್ಚೋಕೆ ಪುಲ್ಲರ್ ಬೇಕಲ್ಲ," ಬಾದು ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಎನ್ಸಿಯಾನ ಕೈ ಇತ್ತಲ್ಲ. ಅದೆಲ್ಲಿ?"

"ಯಾವ ಕೈ?" ಅಫ್ರಿಯೆ ಹಿಂದಿನಿಂದ ಮುಂದೆ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ಪುಲ್ಲರ್ ಕಣಕ್ಕ. ಮೂರು ಬೆರಳಿನ ಕಬ್ಬಿಣ. ನಾವು ಡ್ರೈವರುಗಳೆಲ್ಲ ಅದನ್ನ ಮಾಸ್ಟರ್ ಕೈ ಅಂತಿದ್ವಿ. ಅವನೂ ಹಾಗೇ ಅಂತಿದ್ದ. ನನ್ನ ಕೈ ಎಲ್ಲಿ, ನನ್ನ ಕೈ ತಗೊಂಬಾ ಅಂತ."

ಅಫ್ರಿಯೆ ಬಹಳ ಹೊತ್ತು ಸಾರ್ಪಾಂಗನನ್ನೇ ನೋಡಿದಳು. ಆಮೇಲೆ ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು.

"ತಿಕ್ಕಿ ತಿಕ್ಕಿ ಅವನ ಚರ್ಮ ಸುಲಿದುಹೋಗಿತ್ತು," ಅಂದಳು. "ನಾನು ಬೆಣ್ಣೆ ಹಚ್ತಿದ್ದೆ, ಅವನು ತಲೆ ಆಡಿಸ್ತಿದ್ದ. ಇನ್ನೂ ಜೋರಾಗಿ ತಿಕ್ಕು ಅಂತಿದಾನೆ ಅಂದ್ಕೊಂಡೆ."

ಧೂಳಿನೊಳಗೆ ಯಾರೋ ಒಬ್ಬಳು ನಗಲು ಹೋಗಿ ಅಳುವಿಗೆ ತಿರುಗಿಸಿದಳು.

"ಈಗ ಗೊತ್ತಾಯ್ತು," ಓಪಾನಿನ್ ಅಪ್ರಾಕು ಅಂದರು. ತಮ್ಮ ರೇಡಿಯೋ ಪ್ರಕರಣ ಚಿಕ್ಕದಾದ ಸಮಾಧಾನ ಅವರ ದನಿಯಲ್ಲಿತ್ತು. "ರೇಡಿಯೋ, ಏಣಿ, ಮೇಕೆ ಇದ್ಯಾವುದೂ ಅವನಿಗೆ ಬೇಕಿರಲಿಲ್ಲ. ದಾರಿಯಲ್ಲಿ ಸಿಕ್ಕಿದ್ದು ತಗೊಂಡ, ಅಷ್ಟೇ. ಅವನು ಹುಡುಕ್ತಿರೋದು ಕೈ. ಕೈ ಇಲ್ಲದೆ ಅವನು ಹೋಗೋದಿಲ್ಲ. ಅದು ಯಾರ ಮನೇಲಿದ್ಯೋ ಅಲ್ಲಿ ನಿಲ್ತಾನೆ. ಗಾಡಿ ಬಿಡು ತಮ್ಮಾ."

ಬಾದು ಗಾಡಿ ಬಿಡಲಿಲ್ಲ. ವ್ಯಾನಿನ ಕೆಳಗೆ ನುಸುಳಿದ. "ಒಂದು ನಿಮಿಷ, ತೊಳೆದುಬಿಡ್ತೀನಿ," ಎಂಬ ದನಿ ಮಾತ್ರ ಹೊರಬಂತು.

ಡ್ರಮ್ಮಿನ ಹಿಂದಿನ ತಗಡಿನಲ್ಲಿ ಬ್ರೇಕ್ ಸರಿಮಾಡಲು ಬೆರಳು ತೂರುವಷ್ಟು ತೂತೊಂದಿರುತ್ತದೆ. ಬಾದು ಟ್ಯಾಂಕಿಗೆ ಕೊಳವೆ ಇಳಿಬಿಟ್ಟು, ಬಾಯಿಂದ ಎಳೆದು, ಬಾಟಲಿಗೆ ಪೆಟ್ರೋಲ್ ತುಂಬಿ ಆ ತೂತಿನೊಳಗೆ ಸುರಿದ. ಕರಿ ನೀರು ಇಳಿಯಿತು. ಮತ್ತೊಂದು ಬಾಟಲಿ. ಮತ್ತೂ ಒಂದು. ಎಷ್ಟು ಸುರಿದನೆಂದು ಅವನಿಗೇ ಗೊತ್ತಿರಲಿಲ್ಲ. ಮಗುವಿಗೆ ವಾಂತಿ ಮಾಡಿಸುವ ತಾಯಿಯಂತೆ ಇಳಿದುಬರುವ ನೀರು ತಿಳಿಯಾಗುವವರೆಗೂ ಸುರಿದ. ಆಮೇಲೆ ಸ್ಕ್ರೂಡ್ರೈವರ್ ತೂರಿಸಿ ಶೂಗಳನ್ನು ಡ್ರಮ್ಮಿನಿಂದ ದೂರ ಸರಿಸಿದ. ಇನ್ನು ಕುಣಿದು ತುಳಿದರೂ ಅದು ಹಿಡಿಯುವ ಹಾಗಿರಲಿಲ್ಲ.

"ಪೆಟ್ರೋಲು ಸುರಿದ್ರೆ ಶೂ ಮೇಲೆ ಅಂಟಿಸಿರೋ ಲೈನಿಂಗ್ ಪಟ್ಟಿಯ ಅಂಟು ಬಿಡುತ್ತೆ ಕಣಯ್ಯ," ಸಾರ್ಪಾಂಗ್ ಬಗ್ಗಿ ನೋಡಿ ಹೇಳಿದ.

"ಸುಮ್ನೆ ಕೂತ್ಕೋ," ಬಾದು ಅಂದ.

ವ್ಯಾನು ಹೊರಟಿತು. ತಿರುವಿನಲ್ಲಿ ಬಾದು ಬೇಕೆಂದೇ ಬ್ರೇಕ್ ತುಳಿದ. ಪೆಡಲು ಹಣ್ಣಾದ ಪಪಾಯಿಯ ಹಾಗೆ ಮೆತ್ತಗೆ ಒಳಗೆ ಹೋಯಿತು. ಸದ್ದಿಲ್ಲ, ಹಿಡಿತವಿಲ್ಲ. ಹಿಂದೆ ಬರುವವರ ನಿರಾಸೆ ಅವನ ಬೆನ್ನಿಗೆ ತಟ್ಟಿತು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಬೆಳಗಿನಿಂದ ಮೊದಲ ಸಲ, ನಗಬಹುದೇನೋ ಎಂದುಕೊಂಡ.

ಆಗ ಎಂಜಿನ್ನು ಕೆಮ್ಮಿತು.

ಒಂದು ಸಲ, ಎರಡು ಸಲ. ಆಮೇಲೆ ಅದು ಉಸಿರು ಬಿಟ್ಟು ಸುಮ್ಮನಾಯಿತು. ಬ್ರೇಕಿಲ್ಲದ ವ್ಯಾನು ತನ್ನ ಪಾಡಿಗೆ ತಾನು, ಏನೂ ಸದ್ದಿಲ್ಲದೆ, ಇಳಿಜಾರಿನಲ್ಲಿ ಉರುಳತೊಡಗಿತು. ಬಾದು ಸ್ಟಿಯರಿಂಗ್ ಹಿಡಿದು ಕೂತಿದ್ದ. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಧೂಳಿನೊಳಗಿಂದ ಒಂದು ಮಾವಿನ ಮರ ಬಂತು, ಒಂದು ಬಟ್ಟೆಯ ತಂತಿ ಬಂತು, ತಂತಿಯ ಮೇಲೆ ಬಾದುವಿನ ನೀಲಿ ಅಂಗಿ ತೋಳು ಇಳಿಬಿಟ್ಟುಕೊಂಡು ಬಂತು. ಮನೆಯ ಮುಂದಿನ ಚರಂಡಿಯ ಉಬ್ಬಿಗೆ ಮುಂದಿನ ಚಕ್ರ ತಾಗಿ ವ್ಯಾನು ನಿಂತಿತು. ಪೆಟ್ಟಿಗೆ ಬಹಳ ಮೃದುವಾಗಿ, ಪರಿಚಯದವರ ಮನೆಯ ಬಾಗಿಲು ತಟ್ಟುವ ಹಾಗೆ, ಒಂದೇ ಸಲ ತಟ್ಟಿತು.

"ನಿನ್ನ ಮನೆಯಲ್ವಾ ಇದು?" ಓಪಾನಿನ್ ಅಪ್ರಾಕು ಕೇಳಿದರು.

"ಪೆಟ್ರೋಲ್ ಮುಗೀತು," ಬಾದು ಅಂದ. "ತೊಳೆಯೋಕೆ ಎಲ್ಲಾ ಸುರಿದ್ನಲ್ಲ. ಪೆಟ್ರೋಲ್ ಮುಗೀತು ಅಷ್ಟೇ."

"ನಿನ್ನ ಮನೆ ಮುಂದೇನೇ ಮುಗೀತಾ?"

ಬಾದು ಹಾರಿ ಇಳಿದ. ತಾಳೆಗರಿಯ ಕಡ್ಡಿ ಮುರಿದು, ಟ್ಯಾಂಕಿನ ಮುಚ್ಚಳ ತೆಗೆದು, ತಳದವರೆಗೂ ಇಳಿಸಿ, ಹೊರತೆಗೆದು ಎಲ್ಲರ ಮುಂದೆ ಎತ್ತಿ ಹಿಡಿದ. ಕಡ್ಡಿ ತುದಿಯವರೆಗೂ ಒಣಗಿತ್ತು. ಸಾರ್ಪಾಂಗ್ ಮುಟ್ಟಿ ನೋಡಿದ, ಮೂಸಿ ನೋಡಿದ. "ಒಣಗಿದೆ," ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ. ಜನ ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸಿದರು. ಓಪಾನಿನ್ ಕೂಡ ಅದನ್ನು ಹಿಡಿದು ನೋಡಿ, ತಲೆದೂಗಿ, ಬಾದುವಿನ ಕೈಗೆ ವಾಪಸು ಕೊಟ್ಟರು.

"ಇದು ನಿಜವಾಗ್ಲೂ ಪೆಟ್ರೋಲೇ," ಅಂದರು.

ಬಾದು ಗೆದ್ದೆ ಎಂದುಕೊಂಡ.

ಆಗ ಮನೆಯ ಬಾಗಿಲು ತೆರೆಯಿತು. ಅವನ ಹೆಂಡತಿ ಪೊಮಾ ಕಪ್ಪು ಬಟ್ಟೆಯುಟ್ಟು ಹೊರಬಂದಳು. ಎರಡೂ ಕೈಯಲ್ಲಿ, ಹಾಲುಗೂಸನ್ನು ಎತ್ತಿಕೊಂಡ ಹಾಗೆ, ಗೋಣಿಚೀಲದ ಗಂಟೊಂದನ್ನು ಹಿಡಿದಿದ್ದಳು. ಗಂಟಿನಿಂದ ಮೂರು ಕಬ್ಬಿಣದ ಬೆರಳು ಹೊರಗೆ ಚಾಚಿಕೊಂಡಿದ್ದವು.

"ರೀ, ನೀವು ಮಂಚದ ಕೆಳಗೆ ಇಟ್ಟಿದ್ರಲ್ಲ, ಅದನ್ನೇ ಹುಡುಕ್ತಿದಾನಂತೆ," ಅಂದಳು. "ಈಗ ತಾನೇ ಯಾರೋ ಓಡಿಬಂದು ಹೇಳಿದ್ರು. ಕೊಟ್ಬಿಡಿ. ನಮ್ಮ ಮನೆ ಮುಂದೆ ನಿಂತ್ಬಿಟ್ಟಿದಾನೆ ಪಾಪ."

ವ್ಯಾನಿನಲ್ಲಿ ಮೇಕೆ ಮೆಲುಕು ಹಾಕುತ್ತಿತ್ತು. ಬಾದು ಒಣ ಕಡ್ಡಿಯನ್ನು ಮತ್ತೆ ಎತ್ತಿ ಹಿಡಿದ. ಅದನ್ನು ಯಾರೂ ನೋಡುತ್ತಿರಲಿಲ್ಲ.

ಅಫ್ರಿಯೆ ಮುಂದೆ ಬಂದು ಗಂಟು ಬಿಚ್ಚಿ ಪುಲ್ಲರನ್ನು ಹಿಡಿದುಕೊಂಡಳು. ಅಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತೋಳು ಜಗ್ಗಿತು.

"ಎಷ್ಟು ತಣ್ಣಗಿದೆ," ಅಂದಳು. "ಕೊನೇಲಿ ಅವನ ಕೈಯೂ ಹೀಗೇ ಇತ್ತು. ನೀನೂ ಮುಟ್ಟಿದ್ಯಲ್ಲ ಬಾದು. ನನಗೆ ಸುಸ್ತಾದಾಗ ನೀನೇ ತಾನೇ ತಿಕ್ಕಿದ್ದು."

ಬಾದು ಕಡ್ಡಿಯನ್ನು ಕೆಳಗಿಳಿಸಿದ.

ಅವಳು ಸಾಮಾನುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಪುಲ್ಲರನ್ನು ಪೆಟ್ಟಿಗೆಯ ಮೇಲೆ, ಅಬ್ರಫಿಯ ವಸ್ತ್ರದ ಮೇಲೆ ಇಟ್ಟಳು. ಓಪಾನಿನ್ ಅಪ್ರಾಕು ಸೀಟಿನಲ್ಲಿ ಕೂತು ಮುಂದೆ ನೋಡುತ್ತಾ, "ಗಾಡಿ ಬಿಡು," ಅಂದರು.

"ಪೆಟ್ರೋಲ್ ಇಲ್ಲ ಹಿರಿಯರೇ. ನೀವೇ ನೋಡಿದ್ರಲ್ಲ."

"ನೋಡಿದೆ. ಬಿಡು."

ಬಾದು ಹತ್ತಿ ಕೂತು, ಹೇಳಿದ್ದನ್ನು ಮಾಡಿದೆ ಎಂದು ತೋರಿಸುವುದಕ್ಕಷ್ಟೇ, ಕೀಲಿ ತಿರುಗಿಸಿದ. ಎಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಹೊಸದಾಗಿದ್ದಾಗಲೂ ಅದು ಅಷ್ಟು ನುಣ್ಣಗೆ ಓಡಿದ್ದು ಅವನಿಗೆ ನೆನಪಿರಲಿಲ್ಲ. ಸಾರ್ಪಾಂಗ್ ಮೊದಲ ಬಾರಿಗೆ ಯಾವ ಸಲಹೆಯನ್ನೂ ಕೊಡದೆ ಕಾಲುಗಳನ್ನು ಸೀಟಿನ ಮೇಲಕ್ಕೆ ಎಳೆದುಕೊಂಡ. ಚರಂಡಿಯ ಉಬ್ಬನ್ನು ದಾಟಿ ವ್ಯಾನು ಸ್ಮಶಾನದ ಕಡೆ ಹೊರಟಿತು.

ಹೂಳುವ ಗುಂಡಿಯ ಬಳಿ ಓಪಾನಿನ್ ತೀರ್ಮಾನ ಕೊಟ್ಟರು. ಮೇಕೆ, ಏಣಿ, ರೇಡಿಯೋ ಎಲ್ಲ ಕುಲಕ್ಕೆ. ಕೈ ಮಾತ್ರ ಅವನ ಜೊತೆ. "ಇನ್ಯಾರೂ ಅದನ್ನ ಎರವಲು ತಗೊಳ್ಳೋದು ಬೇಡ," ಅಂದರು. ಹಗ್ಗದಲ್ಲಿ ಪೆಟ್ಟಿಗೆ ಇಳಿಯಿತು. ಮೇಲೆ ಪುಲ್ಲರ್, ಮೂರು ಬೆರಳು ಆಕಾಶದ ಕಡೆ ಮಾಡಿಕೊಂಡು. ಬಾದು ದೂರದಲ್ಲಿ ನಿಂತು ನೋಡಿದ. ನಿಜ ಹೇಳಬೇಕೆಂದರೆ ಅವನಿಗೆ ಹಗುರವೆನಿಸಿತು. ಮಾನ ಹೋದದ್ದು ಹೋಯಿತು, ಕಬ್ಬಿಣವಾದರೂ ಮಣ್ಣಾಯಿತು. ನಾಳೆಯಿಂದ ಹುಲ್ಲಿಗೆ ಎಸೆಯುವ ಚಿಂತೆಯಿಲ್ಲ.

ವ್ಯಾನಿನ ಎಂಜಿನ್ನನ್ನು ಆರಿಸಲು ಮರೆತಿದ್ದ. ಅದು ಗೇಟಿನ ಹೊರಗೆ ಒಂದೇ ಸಮನೆ ಗುನುಗುತ್ತಿತ್ತು. ಮೊದಲ ಹಿಡಿ ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ಅದು ನಿಂತಿತು.

ಯಾರೂ ಆ ಕಡೆ ತಿರುಗಿ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ, ಬಿಸಿಲು ಧೂಳನ್ನು ಸ್ವಲ್ಪ ತೆಳ್ಳಗೆ ಮಾಡಿತ್ತು. ಮುದುಕಿಯರಿಗೆ ನಡೆದು ಸಾಕಾಗಿತ್ತು. ಸತ್ತವನಿಗೆ ಅವನ ಕೈ ಸಿಕ್ಕಿತು, ಇನ್ನೇನು ಮಾಡುತ್ತಾನೆ ಎಂದು ಒಬ್ಬೊಬ್ಬರಾಗಿ ವ್ಯಾನು ಹತ್ತಿ, ಏಣಿ ಗರಗಸಗಳ ನಡುವೆ ಕೂತುಕೊಂಡರು. ಹಿಂದಿನ ಬಾಗಿಲಿನ ಮೇಲೆ ಬಾದು ಕೆಂಪು ಬಣ್ಣದಲ್ಲಿ ಬರೆಸಿದ್ದ ಮಾತು ಅವರ ಬೆನ್ನ ಹಿಂದೆ ಹೊಳೆಯುತ್ತಿತ್ತು: ಎಲ್ಲರೂ ಇಳಿಯುವವರೇ. ಬಾದುವಿನ ಎದೆ ತುಂಬಿ ಬಂತು. ತನ್ನ ವ್ಯಾನನ್ನು ಇನ್ನು ಯಾರೂ ಹತ್ತುವುದಿಲ್ಲ ಎಂದು ಬೆಳಗಿನಿಂದ ಹೆದರಿದ್ದವನು ಅವನು. ಸಾರ್ಪಾಂಗ್ ಎಲ್ಲಿಂದಲೋ ಒಂದು ಕ್ಯಾನು ಪೆಟ್ರೋಲ್ ತಂದು ಸುರಿದ. ಎಂಜಿನ್ನು ಹತ್ತಿಕೊಂಡಿತು. ಬಾದು ಗೇರು ಹಾಕಿ ಕ್ಲಚ್ ಬಿಟ್ಟ.

ವ್ಯಾನು ಒಂದು ಗೇಣು ಮುಂದೆ ಸರಿದು ಕಚ್ಚಿಕೊಂಡಿತು. ಹಿಂದಿನ ಎಡಚಕ್ರ ಅಲ್ಲಾಡಲಿಲ್ಲ. ರಿವರ್ಸ್ ಹಾಕಿದ. ಅಲ್ಲಾಡಲಿಲ್ಲ.

ಸಾರ್ಪಾಂಗ್ ಕೆಳಗೆ ನುಸುಳಿ, ತೂತಿನಲ್ಲಿ ಕಡ್ಡಿ ಆಡಿಸಿ ಹೊರಬಂದ. "ಹೇಳಿದ್ನಲ್ಲ," ಅಂದ. "ಪೆಟ್ರೋಲಿಗೆ ಅಂಟು ಬಿಟ್ಟು ಲೈನಿಂಗ್ ಕಿತ್ತು ಬಂದಿದೆ. ಶೂಗೂ ಡ್ರಮ್ಮಿಗೂ ನಡುವೆ ಸಿಕ್ಕಿಕೊಂಡು ಕೂತಿದೆ. ಒಳಗಿಂದ ಯಾರೋ ಗಟ್ಟಿಯಾಗಿ ಹಿಡ್ಕೊಂಡ ಹಾಗಿದೆ ಮಾರಾಯ. ಡ್ರಮ್ ಬಿಚ್ಚದೆ ಇದು ಬಿಡೋದಿಲ್ಲ."

"ಬಿಚ್ಚೋಣ," ಬಾದು ಅಂದ.

"ಯಾತರಲ್ಲಿ?"

ವ್ಯಾನಿನಲ್ಲಿ ಕೂತಿದ್ದವರೆಲ್ಲ ನಿಧಾನವಾಗಿ ಒಂದೇ ಕಡೆ ತಿರುಗಿದರು. ಗೇಟಿನಾಚೆ ಹೊಸ ಮಣ್ಣಿನ ದಿಬ್ಬ ಕೆಂಪಗೆ ಕಾಣುತ್ತಿತ್ತು.

ಒಬ್ಬೊಬ್ಬರಾಗಿ ಇಳಿದರು. ಏಣಿ ಹೊತ್ತರು, ಮೇಕೆ ಎಳೆದುಕೊಂಡರು, ಧೂಳಿನೊಳಗೆ ಹೋದರು. ಕೊನೆಯವಳು ಅಫ್ರಿಯೆ. ಅವಳು ಕಿಟಕಿಯ ಬಳಿ ಒಂದು ಕ್ಷಣ ನಿಂತಳು.

"ಹೋಗಿ ಕೇಳು," ಅಂದಳು. "ಇಲ್ಲ ಅನ್ನೋ ಮನುಷ್ಯ ಅಲ್ಲ ಅವನು. ಆದ್ರೆ ಈ ಸಲ ಯಾವಾಗ ವಾಪಸ್ ಕೊಡ್ತೀನಿ ಅಂತ ಹೇಳಿ ತಗೋ."

ಅವಳ ಕೆಂಪು ಬಟ್ಟೆಯೂ ಧೂಳಿನಲ್ಲಿ ಕರಗಿತು. ಬಾದು ಒಬ್ಬನೇ ಉಳಿದ. ಗೇರು ಹಾಕಿ, ಬಹಳ ಮೆತ್ತಗೆ, ಬೇಡಿಕೊಳ್ಳುವವನ ಹಾಗೆ, ಕ್ಲಚ್ ಬಿಟ್ಟ.

"ಉ... ಹೂಂ," ಎಂದಿತು ಹಿಂದಿನ ಎಡಚಕ್ರ.

ಬಾದು ಎಂಜಿನ್ನು ಆರಿಸಿದ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಮುದುಕ ಮೊದಲು ಹಾಗೇ ಅನ್ನುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಬೇಸರಪಟ್ಟುಕೊಳ್ಳದೆ ಸುಮ್ಮನೆ ಕಾಯಬೇಕು, ಅಷ್ಟೇ. ಅವನು ಕಾಯುತ್ತಾ ಕೂತ.